ಮಣೆಯ ಮೇಲೆ ನಿಂತ ಬಡಗಿ

ಬಡಗಿ ಮಣೆಯ ಮೇಲೆ ನಿಂತು ಹಲಗೆಗೆ ರಂದಾ ಹೊಡೆಯುತ್ತಿದ್ದುದನ್ನು ಕಂಡು ನನಗೆ ನಗು ತಡೆಯಲಾಗಲಿಲ್ಲ. ಬಾಗಿಲು ಮಾಡಿಸಲೆಂದು ಮೆಟ್ರಿಯಿಂದ ಕಂಪ್ಲಿಗೆ ಹೋಗಿದ್ದೆ. ಮನುಷ್ಯ ಗಿಡ್ಡ. ಆದರೂ ಕೆಲಸದ ಮೇಜಿನ ನಾಲ್ಕು ಕಾಲುಗಳ ಕೆಳಗೂ ಸೈಜುಗಲ್ಲು ಕೊಟ್ಟು ಎತ್ತರ ಮಾಡಿಕೊಂಡಿದ್ದರು!

“ಆ ಕಲ್ಲು ತೆಗೆದ್ರ ಮಣಿ ಯಾಕ ಬೇಕ್ರಿ?” ಎಂದು ಕೇಳಿಯೇಬಿಟ್ಟೆ.

ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ ಬಂದರು. ಗಂಡನಿಗಿಂತ ಒಂದು ಗೇಣು ಉದ್ದ. ಮಣೆಯನ್ನು ಕಾಲಿನಿಂದ ಸರಿಸಿ, ರಂದಾ ಇಸಕೊಂಡು, ಬೆನ್ನು ನೆಟ್ಟಗಿಟ್ಟು ಸರಸರನೆ ಹೊಡೆಯತೊಡಗಿದರು. ಎಂಥ ಕೈ! ಮೊದಲು ತಗ್ಗಿನ ಮೇಜಿಗೆ ದಿನವೆಲ್ಲ ಬಗ್ಗಿ ಬಗ್ಗಿ ಆಕೆಗೆ ಸೊಂಟ ಹಿಡಿದಿತ್ತಂತೆ.

“ಗಿಡ್ಡ ಇದ್ದಾಂವ ಮಣಿ ಹತ್ತಬಹುದು. ಉದ್ದ ಇದ್ದಾಕಿ ಕಾಲು ಕಡ್ಕೊಳ್ಳಾಕ ಆಗ್ತೈತೇನ್ರಿ?” ಎಂದರು ಬಡಗಿ.

ನನ್ನ ನಗು ಅಲ್ಲೇ ನಿಂತಿತು.

ನನ್ನ ಹೆಂಡತಿಯೂ ನನಗಿಂತ ಉದ್ದ. ಮನೆಗೆ ಬಂದಾಗ ಅಡುಗೆಕಟ್ಟೆಗೆ ಬಗ್ಗಿ ರೊಟ್ಟಿ ಬಡಿಯುತ್ತಿದ್ದಳು. ನಡುನಡುವೆ ಸೊಂಟ ಹಿಡಿದು ನಿಲ್ಲುತ್ತಿದ್ದಳು. ಆ ಕಟ್ಟೆ ಕಟ್ಟಿಸುವಾಗ ಗೌಂಡಿಯ ಮುಂದೆ ನಿಂತು ಎತ್ತರ ತೋರಿಸಿದವನು ನಾನು. ಅವಳನ್ನು ಕರೆದೇ ಇರಲಿಲ್ಲ.