ಹರಿವಾಣದಲ್ಲಿ ಮೊರಾಕ್ಕೊ

ಶುಕ್ರವಾರ ಸಂಜೆ ಆಫೀಸಿನಿಂದ ಈ ಗಲ್ಫ್ ನಗರದ ಅಲ್ ನಹ್ದಾದಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದು ಮುಟ್ಟುವಷ್ಟರಲ್ಲಿ ನಾನು ಮನುಷ್ಯನಾಗಿ ಉಳಿದಿರುವುದಿಲ್ಲ. ಲಿಫ್ಟಿನ ಕನ್ನಡಿಯಲ್ಲಿ ಕಾಣುವವನು ಯಾರೆಂದು ಕೇಳಬೇಡಿ, ನನಗೂ ಅಷ್ಟು ಪರಿಚಯವಿಲ್ಲ. ಮೊನ್ನೆ ಹಾಗೇ ಬಂದು ಸೋಫಾದಲ್ಲಿ ಬಿದ್ದುಕೊಂಡಿದ್ದಾಗ ಐದನೇ ಕ್ಲಾಸಿನ ಮಗಳು ಚಾರ್ಟ್ ಪೇಪರನ್ನು ನನ್ನ ಕಾಲ ಮೇಲೆಯೇ ಹರಡಿದಳು. ಒಂದು ದೇಶದ ಪರಿಚಯ ಬರೆಯಬೇಕಂತೆ. ಅವಳ ಪಾಲಿಗೆ ಮೊರಾಕ್ಕೊ ಬಂದಿತ್ತು.

"ಕ್ಯಾಪಿಟಲ್ ಕಾಸಾಬ್ಲಾಂಕಾ ಅಲ್ವಾ ಪಪ್ಪಾ?"

"ಅಲ್ಲ ಮಗಾ, ರಬಾತ್."

"ಹೌ ಡು ಯು ನೋ?"

ನಾನು ಆ ದೇಶಕ್ಕೆ ಕಾಲಿಟ್ಟವನಲ್ಲ. ಕಲಿತದ್ದೆಲ್ಲ ಇದೇ ನಗರದ ಸತ್ವಾದಲ್ಲಿ, ಇದ್ರೀಸನ ಹರಿವಾಣದಿಂದ.

ಮದುವೆಗೆ ಮುಂಚೆ ಸತ್ವಾದ ಹಳೆಯ ವಿಲ್ಲಾ ಒಂದರಲ್ಲಿ ನಾನೂ ಅವನೂ ಒಂದು ಕೋಣೆ ಹಂಚಿಕೊಂಡಿದ್ದೆವು. ಮೊರಾಕ್ಕೊದ ಫೆಸ್ ಊರಿನವನು, ಟೈಲರ್. ಆಗ ಶುಕ್ರವಾರ ಪೂರ್ತಿ ರಜೆ. ಬೆಳಿಗ್ಗೆಯೇ ಕೂಸ್‌ಕೂಸ್ ಹಬೆಗಿಟ್ಟು, ನಮಾಜು ಮುಗಿಸಿ ಬಂದು ಬಡಿಸುತ್ತಿದ್ದ. ಬೆಂದ ಗೋಧಿರವೆ ಅಷ್ಟೆ. ನಮ್ಮ ಉಪ್ಪಿಟ್ಟಿನ ದೂರದ ಅಣ್ಣ ಎನ್ನಿ. ಅದನ್ನು ಅಗಲದ ಹರಿವಾಣದಲ್ಲಿ ಗುಡ್ಡದ ಹಾಗೆ ಪೇರಿಸಿ, ಮೇಲೆ ಕುಂಬಳ, ಕ್ಯಾರೆಟ್, ಕಡಲೆ, ಕುರಿಮಾಂಸ ಇಟ್ಟು, ಚಮಚದಿಂದ ತೋರಿಸುತ್ತ ಭೂಗೋಳ ಶುರುಮಾಡುತ್ತಿದ್ದ.

ನಡುವಿನ ಗುಡ್ಡ ಅಟ್ಲಾಸ್ ಪರ್ವತ. ಅಲ್ಲಿ ಹಿಮ ಬೀಳುತ್ತದೆ ಎಂದರೆ ನಾನು ನಂಬಿರಲಿಲ್ಲ. ಅಲ್ಲಿನ ಹಳ್ಳಿಗಳಲ್ಲಿ ಅಮಾಜಿಘ್ ಜನ, ಅರಬರಿಗಿಂತ ಮೊದಲೇ ಇದ್ದವರು. ಅವನ ಅಜ್ಜಿ ಅವರ ಪೈಕಿ. ಕಿಟಕಿಯ ಕಡೆ ಅಟ್ಲಾಂಟಿಕ್, ದಂಡೆಯಲ್ಲಿ ರಬಾತ್, ಕಾಸಾಬ್ಲಾಂಕಾ, ಸಮುದ್ರಕ್ಕೇ ತಾಗಿದ ದೊಡ್ಡ ಮಸೀದಿ. ಗುಡ್ಡದ ಬುಡದಲ್ಲಿ ಮರಾಕೆಶ್, ಸಂಜೆಯಾದರೆ ಹಾವಾಡಿಗರೂ ಕತೆಗಾರರೂ ಸೇರುವ ಚೌಕ. ಫೆಸ್‌ನ ಓಣಿಗಳಲ್ಲಂತೂ ಎದುರಿಗೆ ಕತ್ತೆ ಬಂದರೆ ಮನುಷ್ಯ ಗೋಡೆಗೆ ಅಂಟಿಕೊಳ್ಳಬೇಕಂತೆ.

"ಫೆಸ್ ಮೇರಾ ಸೈಡ್," ಎನ್ನುತ್ತಿದ್ದ, ಟೈಲರಂಗಡಿಯಲ್ಲಿ ಕಲಿತ ಹಿಂದಿಯಲ್ಲಿ. "ತುಮಾರಾ ಸೈಡ್ ಸಹಾರಾ. ಖಾವೋ, ಖಲಾಸ್ ನಹೀ ಹೋಗಾ." ತಿನ್ನು, ಮುಗಿಯುವಂಥದ್ದಲ್ಲ.

ಅವರಲ್ಲಿ ಎಲ್ಲರೂ ಒಂದೇ ಹರಿವಾಣದ ಸುತ್ತ ಕೂತು ತಂತಮ್ಮ ಮುಂದಿರುವುದನ್ನು ತಿನ್ನುವುದು. ನಾನೋ, ಸಹಾರಾವನ್ನು ಸೌಟಿನಲ್ಲಿ ಎತ್ತಿ ನನ್ನ ಸ್ಟೀಲ್ ತಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಎಂಜಲು! ಉಡುಪಿಯಿಂದ ಬರುವಾಗ ಪೆಟ್ಟಿಗೆಯಲ್ಲಿ ಅದೂ ಬಂದಿತ್ತು. ಕುರಿ, ಕೋಳಿ, ಬೂತಾಯಿ ಮೀನು ಯಾವುದಕ್ಕೂ ಇಲ್ಲದ ಮಡಿ ಅವನ ಚಮಚಕ್ಕೆ ಮಾತ್ರ. ಯಾಕೆಂದು ಕೇಳಿದಾಗ ಹೊಟ್ಟೆ ಸರಿಯಿಲ್ಲ ಎಂದೆ. ಮೂರು ವರ್ಷ ನನ್ನ ಹೊಟ್ಟೆ ಶುಕ್ರವಾರ ಮಾತ್ರ ಕೆಡುತ್ತಿತ್ತು.

ಆಮೇಲೆ ಅವನ ಅಂಗಡಿ ಮುಚ್ಚಿತು, ವೀಸಾ ಕ್ಯಾನ್ಸಲ್ ಆಯಿತು. ಕೊನೆಯ ಶುಕ್ರವಾರ ನಾನು ಮನಸ್ಸು ಗಟ್ಟಿಮಾಡಿ, ತಟ್ಟೆಯನ್ನು ಅಡುಗೆಮನೆಯಲ್ಲೇ ಬಿಟ್ಟು ಬರಿಗೈಯಲ್ಲಿ ಬಂದು ಕುಳಿತೆ. ಹರಿವಾಣವೇ ಇರಲಿಲ್ಲ. ಎರಡು ಹೊಸ ತಟ್ಟೆ ಕೊಂಡು ತಂದು, ಎರಡಕ್ಕೂ ಬೇರೆ ಬೇರೆ ಬಡಿಸಿಟ್ಟಿದ್ದ.

"ಆಜ್ ತುಮಾರಾ ತರೀಕಾ, ಭಾಯ್," ಎಂದ. ಇವತ್ತು ನಿನ್ನ ಪದ್ಧತಿ.

ಮಾತಿನಲ್ಲಿ ಕೊಂಕು ಇದ್ದಿದ್ದರೆ ನಾನು ಬಚಾವಾಗುತ್ತಿದ್ದೆ, ಇರಲಿಲ್ಲ. ಬೇಡ, ಹರಿವಾಣವೇ ತಾ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ನಾನು ಚೆನ್ನಾಗಿದೆ ಎಂದು ಹೊಗಳಿ ಉಂಡೆ. ಊರಿಗೆ ಹೋದ ಮೇಲೆ ಅವನ ನಂಬರ್ ಬದಲಾಯಿತು.

ಅಂದಿನಿಂದ ಹೆಂಡತಿಯ ಹತ್ತಿರ, ಊರಿನ ನೆಂಟರ ಹತ್ತಿರ, ಆಫೀಸಿನ ಊಟದ ಮೇಜಿನಲ್ಲಿ ನಾನು ಕೊಚ್ಚಿಕೊಂಡದ್ದು ಒಂದೇ: ಮೊರಾಕ್ಕೊದವನ ಜೊತೆ ಒಂದೇ ಹರಿವಾಣದಲ್ಲಿ ಉಂಡವನು ನಾನು. ಜನ ಮೆಚ್ಚಿ ತಲೆದೂಗುತ್ತಾರೆ. ಈ ಸುಳ್ಳನ್ನು ಹೊತ್ತು ತಿರುಗುವುದೂ ಒಂದು ನೌಕರಿಯೇ; ಅದಕ್ಕೆ ರಜೆಯೂ ಇಲ್ಲ.

ಚಾರ್ಟಿನಲ್ಲಿ ಜನಜೀವನದ ಚೌಕ ಖಾಲಿಯಿತ್ತು. "ಎಲ್ಲ ಸೇರಿ ಒಂದೇ ಹರಿವಾಣದಲ್ಲಿ ಊಟ ಮಾಡ್ತಾರೆ ಅಂತ ಬರಿ," ಎಂದೆ.

"ನಿನ್ನ ಪಪ್ಪನೂ ಹಾಗೆ ಊಟ ಮಾಡಿದ್ದುಂಟು, ಅದನ್ನೂ ಬರಿ," ಎಂದು ಅಡುಗೆಮನೆಯಿಂದ ಹೆಂಡತಿ ಹೇಳಿದಳು.

ಮಗಳು ಸ್ಕೆಚ್ ಪೆನ್ ಹಿಡಿದು ನನ್ನ ಮುಖ ನೋಡಿದಳು. "ರಿಯಲಿ, ಪಪ್ಪಾ?"

"ಇಲ್ಲ ಮಗಾ," ಎಂದೆ. "ಅವ ಪ್ರತಿ ವಾರ ಕರೀತಿದ್ದ. ನಾನೇ ಒಂದು ದಿನವೂ ಹಾಗೆ ತಿನ್ಲಿಲ್ಲ."

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಎಂತ ಹೇಳಿದ್ರಿ?"

ಅವಳಿಗೂ ಸರಿಯಾಗಿ ಕೇಳಲೆಂದು, ಎದ್ದು ಕೂತು, ಇನ್ನೊಮ್ಮೆ ಹೇಳಿದೆ.