ಮಿಲಿಟರಿ ಲಾರಿಯ ಬೆಲ್ಟಿಗೆ ಹರಳೆಣ್ಣೆ

ಮೊನ್ನೆ ಮೊಮ್ಮಗಳ ತಲೆಗೆ ಹಚ್ಚಲೆಂದು ಹರಳೆಣ್ಣೆ ಸೀಸೆಯ ಬಿರಡೆ ತೆಗೆದೆ. ಆ ವಾಸನೆ ಬಂದರೆ ಯಾರಿಗಾದರೂ ತಲೆಸ್ನಾನ ನೆನಪಾಗಬೇಕು. ನನಗೆ ಒಂದು ಹಳೆಯ ಮಿಲಿಟರಿ ಲಾರಿ ನೆನಪಾಗುತ್ತದೆ. ನಗಬೇಡಿ ಮಕ್ಕಳೇ. ಬಾಯಿಬಿಟ್ಟು ಹೇಳಲು ನನಗೆ ಮೊನ್ನೆಯವರೆಗೂ ಸಂಕೋಚವಿತ್ತು, ಈಗ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಿಮ್ಮ ತಾತ ಮಿಲಿಟರಿಯಲ್ಲಿ ಮೆಕ್ಯಾನಿಕ್ ಆಗಿದ್ದು, ಬಿಟ್ಟು ಸೇಲಂ ಹತ್ತಿರದ ನಂಗವಳ್ಳಿ ಕಡೆಯ ನಮ್ಮೂರಿಗೆ ಬಂದಿದ್ದರು. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ನಾನು ಅವರನ್ನು ನೋಡಿದ್ದು ಮೂರು ರಜೆಗಳಲ್ಲಿ ಮಾತ್ರ. ಅವರಿಗೆ ಕಾಫಿಗೆ ಎಷ್ಟು ಸಕ್ಕರೆ ಬೇಕೆಂದು ಕೇಳುವುದಕ್ಕೂ ಅತ್ತೆಯನ್ನು ಮುಂದೆ ಬಿಡುತ್ತಿದ್ದೆ.

ಪಕ್ಕದೂರಿನ ಸಬ್ಬಕ್ಕಿ ಮಿಲ್ಲಿನ ಯಜಮಾನರು ಏಲದಲ್ಲಿ ಒಂದು ಮಿಲಿಟರಿ ಲಾರಿ ಹಿಡಿದಿದ್ದರು. ಹೊಲಗಳಿಂದ ಮರಗೆಣಸು ಹೇರಿಕೊಂಡು ಮಿಲ್ಲಿಗೆ ಹೋಗುವುದು ಅದರ ಕೆಲಸ. ಅದನ್ನು ಓಡಿಸುವುದೂ ರಿಪೇರಿ ಮಾಡುವುದೂ ತಾತನ ಪಾಲಿಗೆ ಬಂತು. ಇದೇ ಹೊತ್ತಿಗೆ ಅವರ ಹಳೆಯ ಸ್ನೇಹಿತರೊಬ್ಬರು ಎಲ್ಲೋ ವಡಕ್ಕಿನಿಂದ, ಅಂದರೆ ಉತ್ತರದ ಕಡೆಯಿಂದ, ಕಾಗದ ಬರೆದಿದ್ದರು, ಅಲ್ಲಿನ ವರ್ಕ್‌ಶಾಪಿನಲ್ಲಿ ಕೆಲಸ ಇದೆ, ಬಾ ಎಂದು. "ಈ ಗಾಡಿ ಕೆಲ್ಸ ಕೈಲಿ ನಿಂತ್ರೆ ಊರಲ್ಲೇ ಇರ್ತೀನವ್ವ. ಇಲ್ಲಾಂದ್ರೆ ಓಗಲೇಬೇಕು," ಎಂದು ಅತ್ತೆಗೆ ಹೇಳಿದ್ದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೆ.

ಆಯುಧಪೂಜೆಗೆ ಲಾರಿಯನ್ನು ಮನೆ ಮುಂದೆಯೇ ನಿಲ್ಲಿಸಿದ್ದರು. ನಮ್ಮಲ್ಲಿ ಆ ದಿನ ಎತ್ತು ಕಟ್ಟಿ ನೀರೆಳೆಯುವ ಕಪಿಲೆ ಬಾವಿಯ ತೊಗಲ ಹಗ್ಗಕ್ಕೆ, ಅಂದರೆ ಮಿಣಿಗೆ, ಹರಳೆಣ್ಣೆ ಉಜ್ಜಿ, ಆಮೇಲೆ ಕುಂಕುಮ ಇಡುವುದು ರೂಢಿ. ಮಿಣಿ ಮೆತ್ತಗಾಗುತ್ತದೆ, ಕಿರುಗುಟ್ಟುವುದು ನಿಲ್ಲುತ್ತದೆ. ಲಾರಿಯ ಬಾನೆಟ್ ತೆರೆದು ನೋಡಿದರೆ ಅಲ್ಲೂ ಒಂದು ಕಪ್ಪು ಪಟ್ಟಿ, ಎಂಜಿನ್ನಿನ ಸಣ್ಣ ಗಾಲಿಗಳ ಮೇಲೆ ಸುತ್ತಿಕೊಂಡಿದೆ. ಬೆಳಗ್ಗೆ ಗಾಡಿ ಹೊರಟಾಗೆಲ್ಲ ಅದೇ ಕಿರುಚುತ್ತಿತ್ತು. ಪಾಪ ಅನ್ನಿಸಿತು. ಬೊಗಸೆಗೆ ಎಣ್ಣೆ ಸುರಿದುಕೊಂಡು ಚೆನ್ನಾಗಿ ಉಜ್ಜಿದೆ. ಮಾರನೆಯ ದಿನ ಗಾಡಿ ಸದ್ದಿಲ್ಲದೆ ಹೊರಟಿತು. ನನ್ನಷ್ಟಕ್ಕೆ ನಾನೇ ಬೀಗಿದೆ.

ವಾರದೊಳಗೆ ಬ್ಯಾಟರಿ ದಿನಾ ಸಾಯತೊಡಗಿತು. ಎಂಜಿನ್ನಿನ ಪಕ್ಕ ಒಂದು ಆಲ್ಟರ್ನೇಟರ್ ಇರುತ್ತದೆ, ಊರವರ ಬಾಯಲ್ಲಿ ಡೈನಮೋ. ಆ ಕಪ್ಪು ಪಟ್ಟಿ, ಅಂದರೆ ಬೆಲ್ಟು, ಅದನ್ನು ತಿರುಗಿಸಿದರೆ ಬ್ಯಾಟರಿಗೆ ಕರೆಂಟು ತುಂಬುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಅವರು ಕೆಲಸ ಮಾಡುವುದನ್ನು ನೀವು ನೋಡಬೇಕಿತ್ತು. ನನ್ನ ಹಳೆಯ ಸೀರೆಯೊಂದನ್ನು ನೆಲಕ್ಕೆ ಹಾಸಿ, ಬಿಚ್ಚಿದ ಸಾಲಿನಲ್ಲೇ ಒಂದೊಂದು ನಟ್ಟನ್ನೂ ಜೋಡಿಸುತ್ತಿದ್ದರು. ಬ್ಯಾಟರಿ, ವೈರು, ಕಾರ್ಬನ್ನು ಎಂದು ಒಂದೊಂದಾಗಿ ನೋಡಿ, ಸರಿಯಿದ್ದುದನ್ನು ಮಡ್‌ಗಾರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೊಡೆದುಹಾಕುತ್ತಿದ್ದರು. ಬೆಲ್ಟನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದರು, ಬಿಗಿಯಾಗಿಯೇ ಇತ್ತು. ಅತ್ತೆ ಬೈದರೆ, "ಗಾಡಿ ಮೇಲೆ ಕ್ವಾಪ ಮಾಡ್ಕಂಡ್ರೆ ಬೋಲ್ಟ್ ಮುರಿತದೆ ಅಷ್ಟೇ ಕನವ್ವ" ಎನ್ನುತ್ತಿದ್ದರು. ಮೂರು ಸಲ ಡೈನಮೋ ಬಿಚ್ಚಿ ಜೋಡಿಸಿದರು. ಆದರೂ ಹೆಡ್‌ಲೈಟ್ ಹಾಕಿದ ಕೂಡಲೇ ಮೀಟರಿನ ಮುಳ್ಳು ಎಡಕ್ಕೆ ಬಿದ್ದುಬಿಡುತ್ತಿತ್ತು, ಕರೆಂಟು ತುಂಬುತ್ತಿಲ್ಲ ಎಂದು.

ರಿಪೇರಿಯ ಮೂರನೆಯ ದಿನ ಸಾಯಂಕಾಲ ಮಿಲ್ಲಿನ ಯಜಮಾನರು ಇನ್ನಿಬ್ಬರನ್ನು ಕಟ್ಟಿಕೊಂಡು ಬಂದರು.

"ಎನ್ನಪ್ಪಾ ಮಿಲಿಟ್ರಿ, ಪಟ್ಟಾಳದಲ್ಲಿ ಗಾಡಿ ರಿಪೇರಿ ಮಾಡ್ತಿದ್ಯಾ, ಪಾತ್ರೆ ತೊಳೀತಿದ್ಯಾ? ಹೊಲದಲ್ಲಿ ಕಿತ್ತ ಗೆಣಸು ಕೊಳೀತಾ ಐತೆ. ನಾಳೆ ಸೇಲಂನಿಂದ ಮೆಕ್ಯಾನಿಕ್ ಬರ್ತಾನೆ. ಗಾಡಿ ಅವನ ಕೈಗೇ ಬಿಟ್ಬುಡ್ತೀನಿ. ಸರಿಯಾ?"

ತಾತ ತಲೆ ತಗ್ಗಿಸಿಕೊಂಡೇ ಹೇಳಿದರು: "ಬೆಲ್ಟ್ ಜಾರ್ತದೆ ಅನ್ನೋಣ ಅಂದ್ರೆ, ಜಾರಿದ್ರೆ ಕಿರುಚ್ಬೇಕಲ್ಲ ಯಜಮಾನ್ರೆ? ಇದು ಉಸ್ರೇ ಬಿಡ್ತಿಲ್ಲ."

ಮಜ್ಜಿಗೆ ಚೊಂಬು ಹಿಡಿದು ಬಾಗಿಲಲ್ಲಿದ್ದ ನನಗೆ ಆಗ ಹೊಳೆಯಿತು. ಅದರ ಬಾಯಿ ಮುಚ್ಚಿಸಿದವಳು ನಾನೇ. ಹೇಳಿದರೆ ಮೂವರು ಗಂಡಸರ ಮುಂದೆ ಮಾನ ಹೋಗುತ್ತದೆ, ಹೇಳದಿದ್ದರೆ ಈ ಮನುಷ್ಯ ಮತ್ತೆ ರೈಲು ಹತ್ತುತ್ತಾರೆ.

"ಆ ಬೆಲ್ಟ್ ವಾರ್‌ಗೆ ನಾ ಎಣ್ಣೆ ಆಕಿದ್ದೆ," ಎಂದೆ. ಬೇರೆ ಗಂಡಸರ ಮುಂದೆ ನಾನು ನಿಮ್ಮ ತಾತನೊಡನೆ ಆಡಿದ ಮೊದಲ ಮಾತು ಅದು.

ಯಜಮಾನರು ಗೊಳ್ಳೆಂದು ನಕ್ಕರು. "ಅಯ್ಯೋ ಸಾಮಿ, ಲಾರಿಗೆ ಎಣ್ಣೆಸ್ನಾನ!" ಜೊತೆಗಿದ್ದವರೂ ನಕ್ಕರು. ಅತ್ತೆ ಹಣೆ ಚಚ್ಚಿಕೊಂಡರು.

ತಾತ ನಗಲಿಲ್ಲ, ಬೈಯಲೂ ಇಲ್ಲ. ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಜೊತೆಯ ಮೆಕ್ಯಾನಿಕ್‌ನನ್ನು ಕೇಳುವಂತೆ ಕೇಳಿದರು: "ಯಾವೆಣ್ಣೆ ಅಮ್ಮಣ್ಣಿ?"

"ಅಳ್ಳೆಣ್ಣೆ."

"ಯಾವತ್ತು?"

"ಪೂಜೆ ದಿನ."

"ಎಷ್ಟು?"

ಚೊಂಬು ಕೆಳಗಿಟ್ಟೆ. ಬೊಗಸೆ ಮಾಡಿ ತೋರಿಸಿದೆ. ಅವರು ತಲೆಯಾಡಿಸಿ, ಬೆಲ್ಟಿನ ಒಳಬದಿಗೆ ಬೆರಳು ಸವರಿ ಮೂಸಿದರು. ಮೇಲೆಲ್ಲ ದಾರಿಯ ಧೂಳು ಕೂತಿತ್ತು, ಎಣ್ಣೆ ಒಳಗೆ ಅಡಗಿ ಬೆಲ್ಟನ್ನು ಸದ್ದಿಲ್ಲದೆ ಜಾರಿಸುತ್ತಿತ್ತು.

"ಸೀಮೆಣ್ಣೇಲಿ ತೊಳೆದ್ರೆ ರಬ್ಬರ್ ಊದ್ತದೆ," ಎಂದು ತಮ್ಮಲ್ಲೇ ಅಂದುಕೊಂಡರು.

"ಸೀಗೆಪುಡಿ," ಎಂದೆ. ತಲೆಯ ಹರಳೆಣ್ಣೆ ಬಿಡಿಸುವುದು ಹೆಂಗಸರಿಗೆ ಗೊತ್ತಿಲ್ಲದ ವಿದ್ಯೆಯೇ?

ಬೆಲ್ಟು ಬಿಚ್ಚಿ ನನ್ನ ಕೈಗೇ ಕೊಟ್ಟರು. ಎರಡು ಸಲ ಸೀಗೆ ಹಾಕಿ ಉಜ್ಜಿದೆ, ಬಟ್ಟೆಯಲ್ಲಿ ಒತ್ತಿ ಒರೆಸಿದೆ. ಅವರು ಬೆಲ್ಟು ಸುತ್ತುವ ಗಾಲಿಗಳನ್ನು ಬೂದಿಯಲ್ಲಿ ತಿಕ್ಕಿ ಒರೆಸಿದರು. ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ಎದ್ದಿತು. ಬೆಲ್ಟು ಕಿರ್ರೆಂದು ಕಿರುಚಿತು. ತಾತನ ಮುಖ ಅರಳಿತು. "ಈಗ ಮಾತಾಡ್ತು ನೋಡಿ!" ಎಂದು ಇನ್ನಷ್ಟು ಬಿಗಿ ಮಾಡಿದರು. ಹೆಡ್‌ಲೈಟ್ ಹಾಕಿದರು. ಮುಳ್ಳು ಬಲಕ್ಕೇ ನಿಂತಿತು.

"ಏನಿತ್ತು ಮಿಲಿಟ್ರಿ, ಡೈನಮೋ ರಿಪೇರಿಯಾ?" ಯಜಮಾನರು ಕೇಳಿದರು.

"ಡೈನಮೋ ಚೆನ್ನಾಗೇ ಐತೆ. ನಾ ಮೂರು ದಿನ ಉಡುಕಿದ್ದನ್ನ ನಮ್ಮನೆಯವಳು ಒಂದೇ ಮಾತಲ್ಲಿ ಏಳಿದ್ಳು," ಎಂದರು.

ಎಣ್ಣೆ ಹಾಕಿದ್ದು ನಾನು ಎಂಬುದನ್ನು ಬಿಟ್ಟು, ಹೇಳಿದ್ದು ನಾನು ಎಂಬುದನ್ನಷ್ಟೇ ಅವರು ಜೀವನಪೂರ್ತಿ ಎಲ್ಲರಿಗೂ ಹೇಳಿಕೊಂಡು ಬಂದರು. ಸ್ನೇಹಿತರ ಆ ಕಾಗದ ಮರುದಿನ ಗ್ರೀಸ್ ಒರೆಸುವುದಕ್ಕಾಯಿತು.

ಮೊನ್ನೆ ಎಣ್ಣೆ ಸುರಿದುಕೊಳ್ಳುತ್ತಾ ಮೊಮ್ಮಗಳಿಗೆ ಇದನ್ನು ಮೆಲ್ಲಗೆ ಹೇಳಿದೆ. "ಎಷ್ಟು ಹಾಕಿದ್ದೆ ಅಜ್ಜೀ?" ಎಂದು ಕೇಳಿದಳು. ಅಂದಿನಂತೆಯೇ ಬೊಗಸೆ ಮಾಡಿ ತೋರಿಸಿದೆ. ಅದರ ತುಂಬ ಎಣ್ಣೆ ಇತ್ತು. "ಇಷ್ಟು," ಎಂದೆ ಗಟ್ಟಿಯಾಗಿ, ಪಕ್ಕದ ಮನೆಗೂ ಕೇಳುವ ಹಾಗೆ. ಆಮೇಲೆ ಅಷ್ಟನ್ನೂ ಅವಳ ನೆತ್ತಿಗೆ ತಟ್ಟಿದೆ.