ಕಿಟಕಿಗೆ ಕಟ್ಟಿದ ಫೋನು

ಒಂದು ಮಾತು ಆವತ್ತೇ ಹೇಳಬೇಕಿತ್ತು, ಹೇಳಲಿಲ್ಲ. ಮೊನ್ನೆ ತದಡಿಯ ನಮ್ಮ ಮನೆಯ ಅಡುಗೆಕೋಣೆ ಕಿಟಕಿಗೆ ಬಣ್ಣ ಹೊಡೆಯುವಾಗ, ಸರಳಿಗೆ ಬಿಗಿದ ನೀಲಿ ಬಲೆದಾರದ ಗಂಟೊಂದು ಕೈಗೆ ಸಿಕ್ಕಿತು. ತಂಗಿ ರೇವತಿ ಹಾಕಿದ ಗಂಟು; ಬಿಚ್ಚುವಂಥದ್ದಲ್ಲ.

ಮೊಬೈಲ್ ಹೊಸದಾಗಿ ಬಂದ ಕಾಲ ನಿಮಗೂ ನೆನಪಿರಬಹುದು. ನಮ್ಮಲ್ಲಿ ಫೋನು ಬಂತು, ಸಿಗ್ನಲ್ ಬರಲಿಲ್ಲ. ಅಪ್ಪ ಬಾವಿಕಟ್ಟೆ ಹತ್ತಿ "ಹಲೋ" ಎಂದು ಕೂಗಿದರೆ, ಪಕ್ಕದ ಮನೆಯ ದೇವಕ್ಕ "ಎಂತ, ನನ್ನ ಕರೆದ್ಯ?" ಎಂದು ಹೊರಗೆ ಬರುತ್ತಿದ್ದಳು.

ರೇವತಿ ಫೋನು ಹಿಡಿದು ಮೂಲೆ ಮೂಲೆ ತಿರುಗಿ, ಈ ಕಿಟಕಿಯ ಬಲಬದಿಯಲ್ಲಿ ಸಿಗ್ನಲ್ ನಿಲ್ಲುತ್ತದೆ ಎಂದು ಕಂಡುಹಿಡಿದಳು. ಬಲೆದಾರದಲ್ಲಿ ಫೋನಿನ ಅಳತೆಗೆ ಚೀಲ ಹೆಣೆದು ಅಲ್ಲೇ ಕಟ್ಟಿದಳು. ಫೋನು ತೆಗೆಯುವ ಹಾಗಿಲ್ಲ. ನಾವೇ ಹೋಗಿ ಚೀಲಕ್ಕೆ ಕೆನ್ನೆ ಒತ್ತಿ ಮಾತಾಡುವುದು. ಅವ್ವ ಹೊನ್ನಾವರದ ಚಿಕ್ಕಮ್ಮನಿಗೆ ಗುಟ್ಟು ಹೇಳಿದರೆ ಕೇರಿಗೆಲ್ಲ ತಿಳಿಯುತ್ತಿತ್ತು. ಎತ್ತರದ ಆಳಾದ ಅಪ್ಪ ಮೊಣಕಾಲು ಮಡಚಿ ನಿಂತು, "ಇದು ಫೋನೋ, ಶಾಲೆ ಮಾಸ್ತರರ ಶಿಕ್ಷೆಯೋ?" ಎನ್ನುತ್ತಿದ್ದ. ಆದರೆ ಮಾತು ನಡುವೆ ಕಡಿಯುತ್ತಿರಲಿಲ್ಲ.

ಕುಮಟಾದ ಟೇಲರ್ ಅಂಗಡಿಯವರು ರೇವತಿಗೆ ಕೆಲಸ ಕೊಡುವುದಿದ್ದರೆ ಸೋಮವಾರ ಬೆಳಿಗ್ಗೆ ಫೋನು ಮಾಡುತ್ತೇವೆ ಎಂದಿದ್ದರು. ಅವಳು ಅವ್ವನ ಜೊತೆ ಮೀನು ಹೊತ್ತು ಪೇಟೆಗೆ ಹೋಗಬೇಕಿತ್ತು. "ಅಣ್ಣಾ, ಇಲ್ಲೇ ಕೂತಿರು. ಫೋನು ಬಂದ್ರೆ 'ನಾಳೆಯಿಂದ್ಲೇ ಬರ್ತಾಳೆ' ಹೇಳು, ಆತಾ?" ಎಂದಳು.

"ಆತು" ಎಂದೆ. ಆರನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಆ ಫೋನಿನಲ್ಲಿ ಬರುತ್ತಿದ್ದುದು ಹಾವಿನ ಆಟ ಒಂದೇ. ಅದನ್ನು ಗೆಳೆಯರಿಗೆ ತೋರಿಸಲು ಫೋನನ್ನು ಚೀಲದಿಂದ ತೆಗೆದು ಬಂದರಿಗೆ ಒಯ್ದೆ. ಅಲ್ಲಿ ಸಿಗ್ನಲ್ಲೇ ಇರಲಿಲ್ಲ. ಅವಳು ಬರುವ ಮೊದಲು ತಂದು ಚೀಲಕ್ಕೆ ಹಾಕಿದೆ. ಮರುದಿನ ರೇವತಿ ಕುಮಟಾಕ್ಕೆ ಹೋಗಿ ಕೇಳಿದರೆ, ಅಂಗಡಿಯವರು ಫೋನು ಮಾಡಿ ಮಾಡಿ ಸಾಕಾಗಿ ಬೇರೆ ಹುಡುಗಿಗೆ ಕೆಲಸ ಕೊಟ್ಟಿದ್ದರು.

"ನಾನಿಲ್ಲೇ ಇದ್ದೆ, ಫೋನು ರಿಂಗೇ ಆಗ್ಲಿಲ್ಲ" ಎಂದೆ.

"ಎಂಥಾ ಬಲೆಯೇ ನಿನ್ದು, ಒಂದು ಫೋನೂ ಬೀಳ್ಲಿಲ್ಲ" ಎಂದು ದೇವಕ್ಕ ನಕ್ಕಳು. ರೇವತಿ ಅಳಲಿಲ್ಲ. ದಾರ ಕತ್ತರಿಸಿ, ಚೀಲವನ್ನು ಜಗಲಿಯಲ್ಲಿ, ಮಾಡಿನ ಕೆಳಗೆ, ಎಲ್ಲ ಕಡೆ ಕಟ್ಟಿ ನೋಡಿದಳು. ಕೊನೆಗೆ ಹಳೆಯ ಜಾಗಕ್ಕೇ ತಂದು ಈ ಗಂಟು ಹಾಕಿದಳು. "ಇಲ್ಲೇ ಸರಿ ಇತ್ತಲ್ಲ ಅಣ್ಣಾ. ಆವತ್ತು ಎಂತ ಆತು?"

ನಾನು ಬಲೆ ರಿಪೇರಿ ಮಾಡುತ್ತ ತಲೆ ಬಗ್ಗಿಸಿದೆ.

ಆಮೇಲೆ ಕೇರಿಯ ಕಿಟಕಿಗಳಲ್ಲೆಲ್ಲ ಅವಳ ಚೀಲಗಳೇ. ದೇವಕ್ಕನ ಮನೆಯಲ್ಲೂ ಸಿಗ್ನಲ್ಲಿನ ಜಾಗ ತೋರಿಸಿಕೊಟ್ಟವಳು ಅವಳೇ. ದೂರದ ಮಗನ ದನಿ ಕೇಳಿ ದೇವಕ್ಕ ಚೀಲಕ್ಕೇ ಮುತ್ತು ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಈಗ ಕುಮಟಾದಲ್ಲಿ ರೇವತಿಯದೇ ಹೊಲಿಗೆ ಅಂಗಡಿಯಿದೆ. ಆ ದಾರಿಯಲ್ಲಿ ಬಸ್ಸು ಹೋಗುವಾಗ ಪಕ್ಕದಲ್ಲಿ ಕೂತವರು ಯಾರೇ ಇರಲಿ, "ಅದು ನನ್ನ ತಂಗಿದು" ಎಂದು ತೋರಿಸುತ್ತೇನೆ. ತೋರಿಸಿದ ಕೈ ಇಳಿಸುವಷ್ಟರಲ್ಲಿ ಆ ಸೋಮವಾರ ನೆನಪಾಗುತ್ತದೆ.

ಮೊನ್ನೆ ಗಂಟನ್ನು ಬಿಟ್ಟು ಸುತ್ತ ಬಣ್ಣ ಹೊಡೆದೆ. ಈಗ ಮನೆಯಲ್ಲಿ ಎಲ್ಲಿ ನಿಂತರೂ ಸಿಗ್ನಲ್ ಇದೆ. ಆದರೂ ಮರುದಿನ ಬೆಳಿಗ್ಗೆ ಅದೇ ಕಿಟಕಿಗೆ ಮುಖ ಕೊಟ್ಟು ರೇವತಿಗೆ ಫೋನು ಮಾಡಿದೆ.

"ಎಂತ ಅಣ್ಣಾ, ಇಷ್ಟು ಬೆಳಿಗ್ಗೆ?"

ಅಂಗಳದಲ್ಲಿ ಮೀನು ಒಣಗಿಸುತ್ತಿದ್ದ ದೇವಕ್ಕ ತಲೆಯೆತ್ತಿದಳು. ನಾನು ದನಿ ತಗ್ಗಿಸಲಿಲ್ಲ.

"ರೇವತಿ, ಆವತ್ತು ನಿನ್ನ ಚೀಲದ್ದು ಎಂತದೂ ತಪ್ಪಿರ್ಲಿಲ್ಲ. ಫೋನು ತಕಂಡು ಬಂದರಿಗೆ ಹೋದವ ನಾನು. ಸುಳ್ಳು ಹೇಳಿದವನೂ ನಾನೇ. ತಪ್ಪಾತು ತಂಗಿ."